ಬದನಿಕೆ ಹಕ್ಕಿ, ಬದನಿಕೆ ಗಿಡ: ಎರಡನ್ನೂ ಜೊತೆಗಿಟ್ಟು ನೋಡುವುದು ಹೇಗೆ?

ಒಂದು ಹಕ್ಕಿಯನ್ನೂ ಒಂದು ಹೂಬಿಡುವ ಗಿಡವನ್ನೂ ಹೋಲಿಸಿ ಬರೆಯಿರಿ ಅಂತ ಶಾಲೆ, ಕಾಲೇಜಿನ ಪ್ರಾಜೆಕ್ಟುಗಳಲ್ಲಿ ಕೇಳುವುದುಂಟು. ಸಾಮಾನ್ಯವಾಗಿ ಮಕ್ಕಳು ಪುಟದ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಗಡೆ ‘ರೆಕ್ಕೆ ಇದೆ’, ಬಲಗಡೆ ‘ರೆಕ್ಕೆ ಇಲ್ಲ’. ಎಡಗಡೆ ‘ಓಡಾಡುತ್ತದೆ’, ಬಲಗಡೆ ‘ಓಡಾಡುವುದಿಲ್ಲ’. ಹೀಗೆ ಹತ್ತು ಸಾಲು. ಬರೆದಿದ್ದರಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಆ ಹತ್ತು ಸಾಲು ಬರೆಯಲು ಹಕ್ಕಿಯನ್ನೂ ನೋಡಬೇಕಿಲ್ಲ, ಗಿಡವನ್ನೂ ನೋಡಬೇಕಿಲ್ಲ. ಕಾಗೆ ಮತ್ತು ಮಲ್ಲಿಗೆಗೂ ಅದೇ ಸಾಲು, ನವಿಲು ಮತ್ತು ತಾವರೆಗೂ ಅದೇ ಸಾಲು.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಬದುಕಬೇಕು ಅಂದರೆ ಯಾವ ಜೀವಿಯಾದರೂ ಕೆಲವು ಕೆಲಸ ಮಾಡಲೇಬೇಕು. ಹೊಟ್ಟೆ ತುಂಬಬೇಕು, ನೀರು ಸಿಗಬೇಕು, ಮರಿ ಆಗಬೇಕು, ಆ ಮರಿಗೆ ಒಂದು ನೆಲೆ ಸಿಗಬೇಕು. ಈ ಕೆಲಸಗಳನ್ನೇ ಪ್ರಶ್ನೆ ಮಾಡಿಕೊಂಡು, ಒಂದೇ ಪ್ರಶ್ನೆಯನ್ನು ಹಕ್ಕಿಗೂ ಗಿಡಕ್ಕೂ ಕೇಳುವುದು. ಉತ್ತರವನ್ನು ಕಣ್ಣಾರೆ ನೋಡಿ ಬರೆದುಕೊಳ್ಳುವುದು. ಇಷ್ಟೇ ವಿಧಾನ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಬದನಿಕೆ ಹಕ್ಕಿ ಮತ್ತು ಬದನಿಕೆ ಗಿಡ. ಎರಡೂ ನಮ್ಮ ಮಾವಿನ ತೋಪಿನಲ್ಲಿ, ರಸ್ತೆ ಬದಿಯ ಹೊಂಗೆ ಮರದಲ್ಲಿ, ಬೆಂಗಳೂರಿನಂಥ ಊರಿನ ಉದ್ಯಾನಗಳಲ್ಲೂ ಸಿಗುತ್ತವೆ. ಕಾಡಿಗೆ ಹೋಗಬೇಕಿಲ್ಲ.

ಮೊದಲು ಜೋಡಿ ಆರಿಸಿ

ಜೋಡಿ ಆರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು, ಎರಡೂ ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ದೂರದ ಜಾಗವಾದರೆ ಮತ್ತೆ ಮತ್ತೆ ಹೋಗುವುದು ಆಗುವುದಿಲ್ಲ. ಇನ್ನೊಂದು, ಎರಡರ ನಡುವೆ ಏನಾದರೂ ಕೊಡು-ಕೊಳ್ಳುವಿಕೆ ಇದ್ದರೆ ಜಾಸ್ತಿ ಒಳ್ಳೆಯದು. ಆಗ ಹಕ್ಕಿಯ ಬಗ್ಗೆ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಗಿಡದಲ್ಲಿ ಸಿಗುತ್ತದೆ.

ಹಾಗೆಯೇ ‘ಹಕ್ಕಿ’, ‘ಗಿಡ’ ಅಂತ ಮೊಗಮ್ಮಾಗಿ ಬಿಡಬೇಡಿ. ಯಾವ ಜಾತಿ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಬದನಿಕೆ ಹಕ್ಕಿ ಸೇರಿರುವ ಹೂಕುಟುಕ ಗುಂಪಿನ ಹಕ್ಕಿಗಳಲ್ಲೇ ನಮ್ಮ ರಾಜ್ಯದಲ್ಲಿ ಒಂದಕ್ಕಿಂತ ಹೆಚ್ಚು ಜಾತಿ ಇವೆ. ಬದನಿಕೆ ಗಿಡಗಳಲ್ಲೂ ಹಲವು ಜಾತಿ ಇವೆ. ಹೆಸರು ತಪ್ಪಾದರೆ ಮುಂದಿನದೆಲ್ಲ ಬುಡ ಇಲ್ಲದ ಮಾತಾಗುತ್ತದೆ.

ಹಕ್ಕಿಯನ್ನು ಗುರುತಿಸುವುದು

ನಮಗೆ ಬೇಕಾದ ಹಕ್ಕಿಯ ವೈಜ್ಞಾನಿಕ ಹೆಸರು ಡೈಸಿಯಮ್ ಎರಿತ್ರೋರಿಂಕಸ್. ಇಂಗ್ಲಿಷಿನಲ್ಲಿ ಪೇಲ್ ಬಿಲ್ಡ್ ಫ್ಲವರ್‌ಪೆಕರ್. ಹಳೆಯ ಪುಸ್ತಕಗಳಲ್ಲಿ ಟಿಕೆಲ್ಸ್ ಫ್ಲವರ್‌ಪೆಕರ್ ಅಂತ ಇರುತ್ತದೆ, ಎರಡೂ ಒಂದೇ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೂ ಸುಮಾರು 8 ಸೆಂಟಿಮೀಟರ್ ಅಷ್ಟೇ. ಭಾರತದ ತೀರಾ ಚಿಕ್ಕ ಹಕ್ಕಿಗಳಲ್ಲಿ ಇದೂ ಒಂದು. ಬೆನ್ನು ಮಾಸಲು ಹಸಿರು ಬೆರೆತ ಕಂದು, ಹೊಟ್ಟೆ ಮಾಸಲು ಬಿಳಿ. ಗಂಡು ಹೆಣ್ಣು ನೋಡಲು ಒಂದೇ ತರಹ. ಮೈಬಣ್ಣದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ್ದರಿಂದಲೇ ಕೊಕ್ಕು ಮುಖ್ಯ. ಅದು ತೆಳು ಗುಲಾಬಿ, ಸ್ವಲ್ಪ ಬಾಗಿರುತ್ತದೆ, ಗಿಡ್ಡ.

ಮಕರಂದ ಹೀರುವ ಇನ್ನೊಂದು ಚಿಕ್ಕ ಹಕ್ಕಿ ಸೂರಕ್ಕಿ, ಅದರ ಹೆಣ್ಣಿನ ಜೊತೆ ಗೊಂದಲ ಆಗಬಹುದು. ಸೂರಕ್ಕಿಯ ಕೊಕ್ಕು ಉದ್ದ, ಕಪ್ಪು, ಚೆನ್ನಾಗಿ ಬಾಗಿರುತ್ತದೆ. ನಮ್ಮ ಮನೆಗಳ ಸುತ್ತ ಓಡಾಡುವ ಹೆಣ್ಣು ಸೂರಕ್ಕಿಗಳ ಹೊಟ್ಟೆಯಲ್ಲಿ ಹಳದಿ ಕಾಣುತ್ತದೆ. ದಪ್ಪ ಕೊಕ್ಕಿನ ಇನ್ನೊಂದು ಹೂಕುಟುಕ ಕೂತಲ್ಲೇ ಬಾಲವನ್ನು ಅತ್ತ ಇತ್ತ ಆಡಿಸುತ್ತಿರುತ್ತದೆ. ಮಲೆನಾಡಿನಲ್ಲಿ ಕಪ್ಪು ಕೊಕ್ಕಿನ ನೀಲಗಿರಿ ಹೂಕುಟುಕವೂ ಇದೆ. ಹಾಗಾಗಿ ಕೊಕ್ಕು ನೋಡದೆ ಹೆಸರು ಬರೆಯಬೇಡಿ.

ಹಕ್ಕಿ ಕಾಣುವ ಮೊದಲು ಕೇಳುತ್ತದೆ. ‘ಚಿಕ್ ಚಿಕ್ ಚಿಕ್’ ಅಂತ ಚೂಪಾದ ದನಿ, ಹಾರುವಾಗಲೂ ಕೂಗುತ್ತದೆ. ಒಮ್ಮೆ ಕಿವಿಗೆ ಪರಿಚಯವಾದರೆ ಬಸ್ ಸ್ಟ್ಯಾಂಡಿನ ಮರದಲ್ಲೂ ಗೊತ್ತಾಗುತ್ತದೆ. ಮರ್ಲಿನ್ ಆ್ಯಪ್‌ನಲ್ಲಿ ಕೂಗು ಕೇಳಿಸಿ ಗುರುತಿಸುವ ಸೌಲಭ್ಯ ಇದೆ. ಅದನ್ನು ಬಳಸಿ, ಆದರೆ ಆ್ಯಪ್ ಹೇಳಿತು ಅಂತ ಬರೆದುಬಿಡಬೇಡಿ. ಅದು ಹೇಳಿದ ಮೇಲೆ ಹಕ್ಕಿಯನ್ನು ಹುಡುಕಿ ನೋಡಿ.

ಗಿಡವನ್ನು ಗುರುತಿಸುವುದು

ಬದನಿಕೆಗೆ ಬಂದಳಿಕೆ, ಬಂದನಿಕೆ ಅಂತಲೂ ಕರೆಯುತ್ತಾರೆ. ನಾವು ನೋಡುವ ಜಾತಿಯ ಹೆಸರು ಡೆಂಡ್ರಾಫ್ತೊಯೆ ಫಾಲ್ಕೇಟ. ಇದು ನೆಲದಲ್ಲಿ ಬೆಳೆಯುವುದಿಲ್ಲ. ಬೇರೆ ಮರದ ಕೊಂಬೆಯ ಮೇಲೆ ಬೆಳೆಯುತ್ತದೆ. ಮಾವು, ಸಪೋಟ, ಹೊಂಗೆ, ಬೇವು ಹೀಗೆ 300ಕ್ಕೂ ಹೆಚ್ಚು ಬಗೆಯ ಗಿಡಮರಗಳ ಮೇಲೆ ಇದನ್ನು ದಾಖಲಿಸಿದ್ದಾರೆ.

ಹುಡುಕಲು ಸುಲಭದ ಉಪಾಯ ಹೇಳುತ್ತೇನೆ. ಎಲೆ ಉದುರಿಸುವ ಮರಗಳು ಬೋಳಾದಾಗ ತಲೆ ಎತ್ತಿ ನೋಡಿ. ಬೋಳು ಕೊಂಬೆಯ ನಡುವೆ ಹಸಿರು ಪೊದೆಯೊಂದು ಜೋತುಬಿದ್ದಿದ್ದರೆ ಅದು ಬದನಿಕೆ ಇರುವ ಸಂಭವ ಜಾಸ್ತಿ. ಮಾವಿನಂಥ ಸದಾ ಹಸಿರು ಮರದಲ್ಲಾದರೆ ಎಲೆಯ ಬಣ್ಣ ಮತ್ತು ಆಕಾರ ಬೇರೆಯಾಗಿರುವ ಕಡೆ ಕಣ್ಣು ಹಾಯಿಸಿ. ಬದನಿಕೆ ಎಲೆ ದಪ್ಪ, ತೊಗಲಿನಂತೆ ಬಿರುಸು. ಹೂವು ಉದ್ದನೆಯ ಬಾಗಿದ ಕೊಳವೆ, ಕಿತ್ತಳೆ ಕೆಂಪು, ತುದಿಯಲ್ಲಿ ಹಸಿರು. ಬಿಚ್ಚಿದಾಗ ಐದು ಎಸಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಗಿಡ ಕೊಂಬೆಗೆ ಕೂಡುವ ಜಾಗದಲ್ಲಿ ಗಂಟು ಕಟ್ಟಿದಂತೆ ಊದಿಕೊಂಡಿರುತ್ತದೆ. ಆ ಗಂಟನ್ನು ಬೈನಾಕ್ಯುಲರ್‌ನಲ್ಲಿ ನೋಡಿ, ಚಿತ್ರ ಬರೆದುಕೊಳ್ಳಿ. ಮುಂದೆ ಊಟದ ಪ್ರಶ್ನೆ ಬಂದಾಗ ಅದೇ ಬೇಕಾಗುತ್ತದೆ.

ವಂಶದ ಹೆಸರು ಬರೆಯಿರಿ, ಅಲ್ಲಿಗೇ ನಿಲ್ಲಬೇಡಿ

ವರ್ಗೀಕರಣ ಅಂದರೆ ಪಟ್ಟಿ ಬಾಯಿಪಾಠ ಮಾಡುವುದು ಅಂತ ಅಂದುಕೊಂಡವರು ಜಾಸ್ತಿ. ಹಕ್ಕಿ ಡೈಸಿಯಿಡೇ ಕುಟುಂಬದ್ದು, ಗಿಡ ಲೊರಾಂತೇಸಿ ಕುಟುಂಬದ್ದು ಅಂತ ಬರೆದರೆ ಅಂಕವೇನೋ ಸಿಗುತ್ತದೆ. ಅದರ ಜೊತೆಗೆ ನೆಂಟರು ಯಾರು ಅಂತ ಕೇಳಿ ನೋಡಿ. ಬದನಿಕೆ ಇರುವುದು ಸಂಟಾಲೇಲ್ಸ್ ಎಂಬ ಗಣದಲ್ಲಿ. ನಮ್ಮ ಶ್ರೀಗಂಧವೂ ಅದೇ ಗಣದ್ದು. ಶ್ರೀಗಂಧ ನೆಲದಡಿಯಲ್ಲಿ ಪಕ್ಕದ ಗಿಡಗಳ ಬೇರಿಗೆ ಬೇರು ಹಾಕಿ ಸಾರ ಹೀರುತ್ತದೆ. ಬದನಿಕೆ ಅದೇ ಕೆಲಸವನ್ನು ಮರದ ಮೇಲೆ ಮಾಡುತ್ತದೆ. ರೈತರು ಕಿತ್ತೆಸೆಯುವ ಗಿಡವೂ, ಎಲ್ಲರೂ ಬೆಲೆ ಕೊಡುವ ಮರವೂ ಒಂದೇ ಮನೆತನದ್ದು, ಬದುಕುವ ರೀತಿಯೂ ಒಂದೇ. ಇಂಥದ್ದು ಒಂದು ಸಿಕ್ಕರೂ ವರ್ಗೀಕರಣದ ಪುಟ ಸಾರ್ಥಕ.

ಪುಸ್ತಕ ಹೀಗೆ ಇಟ್ಟುಕೊಳ್ಳಿ

ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ಸಿಲ್, ಸಾಧ್ಯವಾದರೆ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಬೈನಾಕ್ಯುಲರ್, ಒಂದು ಕೈಮಸೂರ. ಬೈನಾಕ್ಯುಲರ್ ಇಲ್ಲದಿದ್ದರೆ ತಗ್ಗಿನ ಕೊಂಬೆಯಲ್ಲಿರುವ ಬದನಿಕೆ ಹುಡುಕಿಕೊಳ್ಳಿ. ಹಕ್ಕಿ ಚಿಕ್ಕದಾದರೂ ಮನುಷ್ಯರಿಗೆ ಅಷ್ಟೇನೂ ಹೆದರುವುದಿಲ್ಲ. ಸುಮ್ನೆ ಕೂತರೆ ಹತ್ತಿರವೇ ಬರುತ್ತದೆ.

ಎಡಪುಟ ಹಕ್ಕಿಗೆ, ಬಲಪುಟ ಗಿಡಕ್ಕೆ. ಪ್ರತಿ ಸಲವೂ ತಾರೀಖು, ಗಂಟೆ, ಬಿಸಿಲೋ ಮೋಡವೋ, ಯಾವ ಮರದ ಮೇಲಿನ ಬದನಿಕೆ ಅನ್ನುವುದನ್ನು ಬರೆಯಿರಿ. ಗಿಡಕ್ಕೆ ನೀವೇ ಒಂದು ನಂಬರ್ ಕೊಡಿ. ಮೂರು ನಾಲ್ಕು ಗಿಡ ಸಾಕು. ನೋಡಿದ್ದನ್ನು ಒಂದು ಬಣ್ಣದಲ್ಲಿ, ಓದಿದ್ದನ್ನು ಅಥವಾ ಯಾರೋ ಹೇಳಿದ್ದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಈ ಒಂದು ಅಭ್ಯಾಸಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಮೂರು ತಿಂಗಳಾದ ಮೇಲೆ ಯಾವುದು ಕಣ್ಣಿನ ಮಾತು, ಯಾವುದು ಕಿವಿಯ ಮಾತು ಅಂತ ನೆನಪಿನಿಂದ ಬೇರೆ ಮಾಡಲು ಯಾರಿಗೂ ಆಗುವುದಿಲ್ಲ.

ಪ್ರಶ್ನೆ ಒಂದು: ಊಟ ಎಲ್ಲಿಂದ?

ಹಕ್ಕಿಯ ಪುಟದಲ್ಲಿ ಏನು ತಿಂದಿತು, ಎಷ್ಟು ಹೊತ್ತು ತಿಂದಿತು, ಎಲ್ಲಿಗೆ ಹೋಯಿತು ಅಂತ ಬರೆಯಿರಿ. ಅದು ಬದನಿಕೆಯ ಹಣ್ಣು, ಹೂವಿನ ಮಕರಂದ, ಚಿಕ್ಕ ಪುಟ್ಟ ಹುಳ, ಜೇಡ ತಿನ್ನುತ್ತದೆ. ಬಿಸಿರಕ್ತದ ಪ್ರಾಣಿ, ಮೈಬಿಸಿ ಸುಮಾರು 40 ಡಿಗ್ರಿ. ಇಷ್ಟು ಚಿಕ್ಕ ಮೈಯಿಂದ ಬಿಸಿ ಬೇಗ ಸೋರಿಹೋಗುತ್ತದೆ. ಅದಕ್ಕೇ ಈ ಹಕ್ಕಿ ಒಂದು ಗಳಿಗೆಯೂ ಸುಮ್ಮನಿರದೆ ಹುಡುಕುತ್ತಲೇ ಇರುತ್ತದೆ.

ಗಿಡದ ಪುಟದಲ್ಲಿ ಆ ಗಂಟಿನ ಚಿತ್ರ ಬರುತ್ತದೆ. ಬದನಿಕೆಗೆ ಹಸಿರು ಎಲೆ ಇದೆ, ಅಂದರೆ ಸಕ್ಕರೆಯನ್ನು ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ನೀರು ಮತ್ತು ಖನಿಜ ಮಾತ್ರ ಮರದಿಂದ ಬೇಕು. ಕೊಂಬೆಯೊಳಗೆ ಇಳಿದ ಹೀರುಬೇರು ಮರದ ನೀರಿನ ಕೊಳವೆಗೆ ಸೇರಿಕೊಂಡಿರುತ್ತದೆ. ಇಂಥ ಗಿಡಗಳಿಗೆ ಅರೆಪರಾವಲಂಬಿ ಅನ್ನುತ್ತಾರೆ. ನೀರು ತನ್ನ ಕಡೆ ಹರಿಯಬೇಕಾದರೆ ಎಲೆಯಿಂದ ನೀರಾವಿ ಜಾಸ್ತಿ ಬಿಡಬೇಕು. ಬದನಿಕೆ ಜಾತಿಯ ಗಿಡಗಳು ಮಾಡುವುದು ಅದನ್ನೇ. ಗಂಟಿನಿಂದ ಆಚೆಗಿನ ಕೊಂಬೆ ಎಷ್ಟೋ ಸಲ ಒಣಗಿರುತ್ತದೆ. ನಿಮ್ಮ ಗಿಡಗಳಲ್ಲಿ ಎಷ್ಟು ಕಡೆ ಹಾಗಾಗಿದೆ ಎಣಿಸಿ.

ಈಗ ಎರಡು ಪುಟ ಒಟ್ಟಿಗೆ ಓದಿ. ‘ಹಕ್ಕಿ ತಿನ್ನುತ್ತದೆ, ಗಿಡ ತಯಾರಿಸುತ್ತದೆ’ ಅಂತ ಬರೆದರೆ ಬದನಿಕೆಯ ವಿಷಯದಲ್ಲಿ ಅರ್ಧ ಸತ್ಯ ಮಾತ್ರ. ಎರಡೂ ಇನ್ನೊಬ್ಬರ ಮೈಯಿಂದ ಪಡೆಯುತ್ತವೆ. ಹಕ್ಕಿ ಗಿಡದಿಂದ, ಗಿಡ ಮರದಿಂದ. ಇಂಥ ಸಾಲು ನಿಮ್ಮ ಹೋಲಿಕೆಯಲ್ಲಿ ಬರಬೇಕು.

ಪ್ರಶ್ನೆ ಎರಡು: ಮರಿ ಆಗುವುದು ಹೇಗೆ, ಅದಕ್ಕೆ ನೆಲೆ ಎಲ್ಲಿ?

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲಿ. ಗಿಡದಿಂದಲೇ ಶುರು ಮಾಡಿ.

ಬದನಿಕೆಯ ಒಂದೇ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಇವೆ. ಹಕ್ಕಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಒಂದು ಇನ್ನೊಂದನ್ನು ಹುಡುಕಿಕೊಂಡು ಹಾರಬಲ್ಲದು. ಗಿಡ ಹಾರಲಾರದು, ಹಾಗಾಗಿ ಹಾರುವವರನ್ನು ಕರೆಯುತ್ತದೆ. ಕೊಳವೆಯ ಆಕಾರ, ಕಿತ್ತಳೆ ಕೆಂಪು ಬಣ್ಣ, ತಳದಲ್ಲಿ ಮಕರಂದ, ಇವೆಲ್ಲ ಹಕ್ಕಿಗಳನ್ನು ಕರೆಯುವ ಹೂವಿನ ಲಕ್ಷಣ. ಬೆಳಗಿನ ಹೊತ್ತು ಹೂವಿನ ಗೊಂಚಲಿನ ಎದುರು ಕೂತು ಯಾರು ಬಂದರು ಬರೆಯಿರಿ. ಸೂರಕ್ಕಿಗಳು ಖಂಡಿತ ಬರುತ್ತವೆ. ಹಕ್ಕಿ ಹೂವಿನ ಒಳಗೆ ಕೊಕ್ಕು ಹಾಕಿತೋ, ಬುಡಕ್ಕೆ ತೂತು ಮಾಡಿ ಕದ್ದಿತೋ ನೋಡಿ. ತೂತು ಮಾಡಿದರೆ ಪರಾಗ ಅಂಟುವುದಿಲ್ಲ, ಗಿಡಕ್ಕೆ ಲಾಭವಿಲ್ಲ. ಈ ಕುಟುಂಬದ ಹಲವು ಜಾತಿಗಳಲ್ಲಿ ಮಾಗಿದ ಮೊಗ್ಗನ್ನು ಹಕ್ಕಿ ಕೊಕ್ಕಿನಿಂದ ಒತ್ತಿದರೆ ಸಾಕು, ಫಟ್ಟನೆ ಬಿಚ್ಚಿ ಪರಾಗ ಹಾರುತ್ತದೆ. ನಿಮ್ಮ ಗಿಡದಲ್ಲೂ ಹಾಗಾಗುತ್ತದೆಯೇ ಅಂತ ಕಾದು ನೋಡಿ.

ಹೂವಾದ ಮೇಲೆ ಹಣ್ಣು. ಹಣ್ಣಿನ ಒಳಗೆ ಒಂದೇ ಬೀಜ, ಸುತ್ತ ಅಂಟು. ಒಂದು ಹಣ್ಣನ್ನು ಬೆರಳಿನಲ್ಲಿ ಹಿಸುಕಿ ನೋಡಿ, ಅಂಟು ದಾರದಂತೆ ಎಳೆದುಕೊಂಡು ಬರುತ್ತದೆ. ಬೇಗ ಬಿಡುವುದೂ ಇಲ್ಲ. ಈಗ ಹಕ್ಕಿಯನ್ನು ನೋಡಿ. ಅದು ಹಣ್ಣು ನುಂಗುತ್ತದೆ, ತಿರುಳು ಕರಗುತ್ತದೆ, ಬೀಜ ಮಾತ್ರ ಕೆಲವೇ ನಿಮಿಷದಲ್ಲಿ ಹಿಂದಿನಿಂದ ಹೊರಗೆ ಬರುತ್ತದೆ. ಅಂಟು ಆಗಲೂ ಹೋಗಿರುವುದಿಲ್ಲ. ಬೀಜ ಹಕ್ಕಿಯ ಮೈಗೇ ಅಂಟಿಕೊಳ್ಳುತ್ತದೆ, ಹಕ್ಕಿ ಅದನ್ನು ಬಿಡಿಸಿಕೊಳ್ಳಲು ಕೂತ ಕೊಂಬೆಗೆ ಹಿಂಭಾಗವನ್ನು ತಿಕ್ಕುತ್ತದೆ. ಬೀಜ ಕೊಂಬೆಗೆ ಅಂಟುತ್ತದೆ. ಬದನಿಕೆಗೆ ಬೇಕಾಗಿದ್ದ ಜಾಗ ಅದೇ! ನೆಲಕ್ಕೆ ಬಿದ್ದ ಬೀಜಕ್ಕೆ ಭವಿಷ್ಯವಿಲ್ಲ. ತೀರಾ ದಪ್ಪ ಕಾಂಡದ ಒರಟು ತೊಗಟೆಯನ್ನು ತೂರುವುದೂ ಕಷ್ಟ. ಚಿಕ್ಕ ಹಕ್ಕಿ ಕೂರುವ ತೆಳು ಕೊಂಬೆಯೇ ಎಳೆಯ ಹೀರುಬೇರಿಗೆ ಅನುಕೂಲ.

ಹಾಗಾಗಿ ಹಣ್ಣಿನ ಕಾಲದಲ್ಲಿ ಒಂದು ಕೆಲಸ ಮಾಡಿ. ಹಕ್ಕಿ ಪದೇ ಪದೇ ಕೂರುವ ತಗ್ಗಿನ ಕೊಂಬೆಗಳನ್ನು ಗುರುತು ಮಾಡಿ, ಹಕ್ಕಿ ಹೋದ ಮೇಲೆ ಕೈಮಸೂರ ಹಿಡಿದು ನೋಡಿ. ಹೊಳೆಯುವ ಅಂಟು, ಅದರ ತುದಿಯಲ್ಲಿ ಬೀಜ ಕಾಣುತ್ತದೆ. ಕೊಂಬೆಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ಬಂದು ಫೋಟೊ ತೆಗೆಯಿರಿ. ಬೀಜ ಮಣ್ಣಿಗೆ ಕಾಯದೆ ಅಲ್ಲೇ ಮೊಳೆಯುತ್ತದೆ. ಎಷ್ಟು ಮೊಳೆತವು, ಎಷ್ಟು ಒಣಗಿದವು, ಎಷ್ಟು ಎಲೆ ಬಿಟ್ಟವು ಅಂತ ಲೆಕ್ಕ ಇಡಿ. ಕೊನೆಯವರೆಗೆ ಉಳಿಯುವುದು ಬಹಳ ಕಡಿಮೆ.

ಹಕ್ಕಿಯ ಕಡೆ ಬಂದರೆ ಅದರ ಗೂಡು ಚಿಕ್ಕ ಚೀಲ. ಎಲೆಗಳ ನಡುವೆ ಕೊಂಬೆಯಿಂದ ನೇತಾಡುತ್ತದೆ. ಮೆತ್ತನೆಯ ನಾರು, ಜೇಡರ ಬಲೆ ಸೇರಿಸಿ ಮಾಡಿರುತ್ತದೆ. ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ, ಕೆಲವೊಮ್ಮೆ ಮೂರು. ಅಂದರೆ ಹಕ್ಕಿ ಕೆಲವೇ ಮರಿಗಳಿಗೆ ಗೂಡು, ಕಾವು, ಗುಟುಕು ಎಲ್ಲ ಕೊಡುತ್ತದೆ. ಗಿಡ ನೂರಾರು ಬೀಜಗಳಿಗೆ ಒಂದಿಷ್ಟು ಆಹಾರ, ಒಂದಿಷ್ಟು ಅಂಟು ಕೊಟ್ಟು ಹಕ್ಕಿಯ ಹೊಟ್ಟೆಗೆ ಒಪ್ಪಿಸುತ್ತದೆ. ಹೋಲಿಕೆ ಅಂದರೆ ಇದು ಅಲ್ವಾ? ಕೆಲಸ ಒಂದೇ, ಮಾಡುವ ರೀತಿ ಇಷ್ಟು ದೂರ.

ಗೂಡು ಕಂಡರೆ ದೂರದಿಂದ ನೋಡಿ ಬನ್ನಿ. ಫೋಟೊಗಾಗಿ ಎಲೆ ಸರಿಸಬೇಡಿ, ಕೊಂಬೆ ಬಗ್ಗಿಸಬೇಡಿ, ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯಬೇಡಿ. ಎಲೆ ಸರಿದರೆ ಕಾಗೆಗೆ ದಾರಿ ಸಿಕ್ಕಂತೆ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಕೈ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪ್ರಶ್ನೆ ಮೂರು: ವರ್ಷದಲ್ಲಿ ಯಾವಾಗ ಏನು?

ಹನ್ನೆರಡು ತಿಂಗಳ ಎರಡು ಪಟ್ಟಿ ಒಂದರ ಕೆಳಗೊಂದು ಎಳೆಯಿರಿ. ಮೇಲೆ ಹಕ್ಕಿ: ಗೂಡು ಕಟ್ಟಿದ್ದು, ಮರಿಗೆ ಗುಟುಕು ಕೊಟ್ಟಿದ್ದು, ಕೂಗು ಜಾಸ್ತಿ ಕೇಳಿದ್ದು. ಕೆಳಗೆ ಗಿಡ: ಮೊಗ್ಗು, ಹೂ, ಕಾಯಿ, ಹಣ್ಣು. ಹಕ್ಕಿ ಮರಿ ಮಾಡುವುದು ಮುಖ್ಯವಾಗಿ ಫೆಬ್ರವರಿಯಿಂದ ಜೂನ್ ತನಕ. ಬದನಿಕೆಯ ಹೂ ಹಣ್ಣಿನ ಕಾಲ ಊರಿಂದ ಊರಿಗೆ, ಮರದಿಂದ ಮರಕ್ಕೂ ಬದಲಾಗುತ್ತದೆ. ಅದಕ್ಕೇ ಪುಸ್ತಕದ ತಿಂಗಳನ್ನು ನಕಲು ಮಾಡದೆ ನಿಮ್ಮ ಗಿಡದ ತಿಂಗಳನ್ನೇ ಬರೆಯಿರಿ. ಒಂದು ವರ್ಷ ಆಗದಿದ್ದರೆ ನಾಲ್ಕು ತಿಂಗಳಾದರೂ ಸರಿ. ಮರಿಗಳಿಗೆ ಗುಟುಕು ಕೊಡುವ ಹೊತ್ತಿಗೆ ಹಣ್ಣು ಇತ್ತೇ ಅನ್ನುವುದಕ್ಕೆ ಉತ್ತರ ಆ ಎರಡು ಪಟ್ಟಿಯಲ್ಲೇ ಸಿಗುತ್ತದೆ.

ಕೇಳಿದ ಮಾತನ್ನು ಪರೀಕ್ಷೆಗೆ ಹಚ್ಚಿ

‘ಈ ಹಕ್ಕಿ ಇಲ್ಲದೆ ಆ ಗಿಡ ಇಲ್ಲ, ಆ ಗಿಡ ಇಲ್ಲದೆ ಈ ಹಕ್ಕಿ ಇಲ್ಲ’ ಅನ್ನುವ ಮಾತು ಕೇಳಲು ಚೆಂದ. ನಿಜವೇ ಅಂತ ನೋಡಬೇಕು. ಪಕ್ಷಿತಜ್ಞ ಸಲೀಂ ಅಲಿಯವರು 1930ರ ದಶಕದ ಆರಂಭದಲ್ಲೇ ಕೊಂಕಣದಲ್ಲಿ ಈ ಬದನಿಕೆಯ ಹರಡುವಿಕೆಯಲ್ಲಿ ಸೂರಕ್ಕಿ ಮತ್ತು ಹೂಕುಟುಕಗಳ ಪಾತ್ರವನ್ನು ನೋಡಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಆಮೇಲೆ ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ ಅವರು ನೀಲಗಿರಿಯಲ್ಲಿ ಬದನಿಕೆ ಮತ್ತು ಅದರ ಹಕ್ಕಿಗಳ ಬಗ್ಗೆ ಕೆಲಸ ಮಾಡಿದರು. ಹೂಕುಟುಕಗಳನ್ನು ನಂಬಿದ ಕೆಲವು ಬದನಿಕೆಗಳಲ್ಲಿ ಹೂವೂ ಹಣ್ಣೂ ಒಂದನ್ನೊಂದು ಹೋಲುತ್ತವೆ ಅಂತ 1983ರಲ್ಲಿ ಪ್ರಕಟಿಸಿದರು. ನೀವು ಮಾಡುತ್ತಿರುವುದು ಅದೇ ದಾರಿಯ ಕೆಲಸ.

ಪರೀಕ್ಷೆಗೆ ಒಂದು ಸುಲಭ ಜಾಗ ಇದೆ. ಗಸಗಸೆ ಹಣ್ಣಿನ ಮರ, ಕೆಲವರು ಸಿಂಗಾಪುರ ಚೆರ್ರಿ ಅನ್ನುತ್ತಾರೆ. ಅಮೆರಿಕದ ಉಷ್ಣವಲಯದಿಂದ ಬಂದ ಮರ. ಬದನಿಕೆ ಹಕ್ಕಿಗೆ ಇದರ ಹಣ್ಣೂ ಇಷ್ಟ. ಬದನಿಕೆ ಇರುವ ಒಂದು ಮರ, ಗಸಗಸೆ ಹಣ್ಣಿನ ಒಂದು ಮರ ಆರಿಸಿ. ಎರಡರ ಎದುರೂ ಒಂದೇ ಹೊತ್ತಿಗೆ, ಅರ್ಧರ್ಧ ಗಂಟೆ, ಬೇರೆ ಬೇರೆ ದಿನ ಕೂತು ಹಕ್ಕಿ ಎಷ್ಟು ಸಲ ಬಂತು ಎಣಿಸಿ. ಬದನಿಕೆ ಹಣ್ಣು ಇಲ್ಲದ ತಿಂಗಳಲ್ಲಿ ಹಕ್ಕಿ ಎಲ್ಲಿರುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ಹೂವಿಗೆ ಸೂರಕ್ಕಿಗಳೂ ಬರುತ್ತವೆ ಅನ್ನುವುದನ್ನು ನೀವು ಈಗಾಗಲೇ ಬರೆದುಕೊಂಡಿದ್ದೀರಿ. ಅಂದರೆ ನಂಟು ಗಟ್ಟಿಯಾಗಿದೆ, ಆದರೆ ಎರಡೂ ಕಡೆ ಬೇರೆ ದಾರಿಯೂ ಇದೆ. ಎಷ್ಟು ಗಟ್ಟಿ ಅನ್ನುವುದನ್ನು ನಿಮ್ಮ ಎಣಿಕೆ ಹೇಳಲಿ.

ತೋಟದವರನ್ನು ಮಾತಾಡಿಸಿ

ಮಾವು, ಸಪೋಟ ಬೆಳೆಯುವವರಿಗೆ ಬದನಿಕೆ ಅಂದರೆ ತಲೆನೋವು. ಅವರ ನಷ್ಟ ನಿಜವಾದದ್ದು. ಎಷ್ಟು ಮರಕ್ಕೆ ಹತ್ತಿದೆ, ಯಾವಾಗ ಕತ್ತರಿಸುತ್ತಾರೆ ಕೇಳಿ. ಗಂಟಿನ ಮೇಲೆ ಮಾತ್ರ ಕತ್ತರಿಸಿದರೆ ಒಳಗುಳಿದ ಬೇರಿನಿಂದ ಮತ್ತೆ ಚಿಗುರುತ್ತದೆ. ಗಂಟಿಗಿಂತ ಕೆಳಗೆ ಕೊಂಬೆ ಸಮೇತ, ಹಣ್ಣಾಗುವ ಮೊದಲೇ ತೆಗೆಯುವುದು ಸರಿಯಾದ ಕ್ರಮ. ಇದರ ಜೊತೆಗೆ ಇನ್ನೊಂದು ವಿಷಯವೂ ನಿಮ್ಮ ಪುಸ್ತಕದಲ್ಲಿರಲಿ: ಹಳದಿ ಕೆಂಪು ಬಣ್ಣದ ಕಾಮನ್ ಜೆಜೆಬೆಲ್ ಚಿಟ್ಟೆಯ ಹುಳುಗಳು ತಿಂದು ಬೆಳೆಯುವುದು ಬದನಿಕೆ ಜಾತಿಯ ಎಲೆಗಳನ್ನು. ಬೆಳೆಯ ಮರದಿಂದ ತೆಗೆಯಲಿ, ಬೇಲಿಯ ಹೊಂಗೆ, ರಸ್ತೆ ಬದಿಯ ಮರದ್ದನ್ನು ಉಳಿಸಲಿ ಅನ್ನುವುದು ನನ್ನ ಅಭಿಪ್ರಾಯ.

ಬರೆಯುವಾಗ

‘ಹಕ್ಕಿ ಮುಂದುವರಿದ ಜೀವಿ, ಗಿಡ ಹಿಂದುಳಿದದ್ದು’ ಅಂತ ಬರೆಯಬೇಡಿ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಹಾಗೆ ಕಾಣುತ್ತದೆ, ಅಷ್ಟೇ. ‘ಗಿಡ ಹಕ್ಕಿಗೆ ಮೋಸ ಮಾಡುತ್ತದೆ’ ಅನ್ನುವಂಥ ಮಾತೂ ಬೇಡ. ನೋಡಿದ್ದನ್ನು ನೇರವಾಗಿ ಹೇಳಿ: ಇಂಥ ದಿನ ಮೂರನೇ ನಂಬರಿನ ಗಿಡಕ್ಕೆ ಹಕ್ಕಿ ಬಂತು, ಇಷ್ಟು ಹಣ್ಣು ನುಂಗಿತು, ಇಷ್ಟು ನಿಮಿಷಕ್ಕೆ ಪಕ್ಕದ ಕೊಂಬೆಗೆ ಹಾರಿತು, ಅಲ್ಲಿ ಬೀಜ ಅಂಟಿಸಿತು. ಇಂಥ ಒಂದು ಸಾಲು ಇದ್ದರೆ ಉಳಿದ ಪುಟ ತಾನಾಗಿ ನಿಲ್ಲುತ್ತದೆ.

ಜನ ತಾವು ಕಂಡದ್ದನ್ನು ದಾಖಲಿಸುವ ಜಾಲತಾಣಗಳಿವೆ. ಹಕ್ಕಿಯ ದಾಖಲೆಯನ್ನು ಇ-ಬರ್ಡ್‌ಗೆ, ಗಿಡದ ಫೋಟೊಗಳನ್ನು ಐ-ನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಬದನಿಕೆಯ ಫೋಟೊ ಹಾಕುವಾಗ ಅದು ಯಾವ ಮರದ ಮೇಲಿತ್ತು ಅಂತ ಬರೆಯುವುದನ್ನು ಮರೆಯಬೇಡಿ. ಬಹಳ ಜನ ಬಿಟ್ಟುಬಿಡುವುದು ಅದನ್ನೇ. ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ.

ಇದು ಮುಗಿದ ಮೇಲೆ ಇನ್ನೊಂದು ಜೋಡಿ ಬೇಕೆನ್ನಿಸಿದರೆ ಪಿಕಳಾರ (ಬುಲ್ಬುಲ್) ಮತ್ತು ಶ್ರೀಗಂಧವನ್ನು ನೋಡಿ. ಶ್ರೀಗಂಧದ ಕಪ್ಪು ಹಣ್ಣನ್ನು ಪಿಕಳಾರ, ಕೋಗಿಲೆಯಂಥ ಹಕ್ಕಿಗಳು ತಿಂದು ಬೀಜವನ್ನು ಬೇರೆ ಕಡೆ ಹಾಕುತ್ತವೆ. ಬೇಲಿಸಾಲಿನಲ್ಲಿ, ಹಕ್ಕಿ ಕೂರುವ ಮರದ ಬುಡದಲ್ಲಿ ಎಳೆಯ ಗಂಧದ ಸಸಿ ಹುಡುಕಿ. ಸಿಕ್ಕರೆ ಅದರ ಸುತ್ತ ಯಾವ ಯಾವ ಗಿಡಗಳಿವೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಅದರ ಬೇರಿಗೆ ಆಸರೆ ಬೇಕಾದ್ದು ಅವುಗಳಿಂದಲೇ.